ನೂರಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗೆ ಆಪ್ತಸಮಾಲೋಚಕರು ಯಾರು?

ಮಾನ್ಯ ಸಂಪಾದಕರೇ,

ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ನೀಡಿದ ತೀರ್ಪು ಪತ್ರಿಕೆಗಳಲ್ಲಿ ಸಾಕಷ್ಟು ಚರ್ಚೆಯಾಗಿದೆ. ವಿಶಾಖಪಟ್ಟಣದಲ್ಲಿ ನೀಟ್ ತರಬೇತಿ ಪಡೆಯುತ್ತಿದ್ದ 17 ವರ್ಷದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ ನ್ಯಾಯಮೂರ್ತಿಗಳಾದ ವಿಕ್ರಮ್ ನಾಥ್ ಮತ್ತು ಸಂದೀಪ್ ಮೆಹ್ತಾ ಅವರ ಪೀಠ ಹದಿನೈದು ಮಾರ್ಗಸೂಚಿಗಳನ್ನು ಹೊರಡಿಸಿ, ಸರಿಯಾದ ಕಾನೂನು ಬರುವವರೆಗೆ ದೇಶದ ಎಲ್ಲ ಶಾಲೆ, ಕಾಲೇಜು, ಹಾಸ್ಟೆಲ್ ಮತ್ತು ಕೋಚಿಂಗ್ ಕೇಂದ್ರಗಳು ಅವುಗಳನ್ನು ಪಾಲಿಸಬೇಕು ಎಂದಿತು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳು ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರನ್ನು ನೇಮಿಸಿಕೊಳ್ಳಬೇಕು, ಅದಕ್ಕಿಂತ ಚಿಕ್ಕ ಸಂಸ್ಥೆಗಳು ಹೊರಗಿನ ಮಾನಸಿಕ ಆರೋಗ್ಯ ತಜ್ಞರೊಂದಿಗೆ ಔಪಚಾರಿಕ ಸಂಪರ್ಕ ಇಟ್ಟುಕೊಳ್ಳಬೇಕು ಎಂಬುದು ಅವುಗಳಲ್ಲೊಂದು. ಚರ್ಚೆಯೆಲ್ಲ ಈ ಸೂಚನೆಯ ಮೊದಲರ್ಧದ ಸುತ್ತಲೇ ನಡೆದಿದೆ. ಹಾವೇರಿ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಪಾಠ ಮಾಡಿ, ಮುಖ್ಯ ಶಿಕ್ಷಕಿಯಾಗಿ ನಿವೃತ್ತಳಾದ ನಾನು ಉಳಿದರ್ಧದ ಬಗ್ಗೆ ಬರೆಯಬಯಸುತ್ತೇನೆ. ನನಗೆ ಗೊತ್ತಿರುವ ಹಳ್ಳಿಯ ಪ್ರೌಢಶಾಲೆಗಳಲ್ಲಿ ಹಲವು, ಎಂಟು, ಒಂಬತ್ತು, ಹತ್ತನೆಯ ತರಗತಿಗಳೆಲ್ಲ ಸೇರಿದರೂ ಎಂಬತ್ತು–ತೊಂಬತ್ತು ಮಕ್ಕಳು ದಾಟದವು. ಅಂಥ ಕಡೆ ‘ಔಪಚಾರಿಕ ಸಂಪರ್ಕ’ ಎಂಬುದು ಮುಖ್ಯ ಶಿಕ್ಷಕರ ಕೋಣೆಯ ಗೋಡೆಗೆ ಅಂಟಿಸಿದ ಒಂದು ದೂರವಾಣಿ ಸಂಖ್ಯೆಯಾಗಿ ಮುಗಿದುಹೋಗುವ ಸಾಧ್ಯತೆಯೇ ಹೆಚ್ಚು.

ಶಾಲೆ ಚಿಕ್ಕದಾದ ಮಾತ್ರಕ್ಕೆ ಅಲ್ಲಿನ ಮಕ್ಕಳ ಸಂಕಟ ಚಿಕ್ಕದಾಗುವುದಿಲ್ಲ. ನಿಮ್ಹಾನ್ಸ್ ನೇತೃತ್ವದಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇರುವುದನ್ನು ಗುರುತಿಸಿತು. ಮಹಾನಗರಗಳಲ್ಲಿ ಈ ಪ್ರಮಾಣ ಶೇ 13.5, ಗ್ರಾಮೀಣ ಭಾಗದಲ್ಲಿ ಶೇ 6.9. (ನಮ್ಮದೇ ರಾಜಧಾನಿಯ ಸಂಸ್ಥೆ ನಡೆಸಿದ ಆ ಸಮೀಕ್ಷೆಯ ಹನ್ನೆರಡು ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕವೇ ಇರಲಿಲ್ಲ ಎಂಬುದು ಬೇರೆ ಮಾತು.) ಗ್ರಾಮೀಣ ಭಾಗದ ಆ ಪ್ರಮಾಣವನ್ನು ಹಾಗೆಯೇ ಹಿಡಿದರೂ ತೊಂಬತ್ತು ಮಕ್ಕಳ ಶಾಲೆಯಲ್ಲಿ ಆರು ಮಕ್ಕಳಿಗೆ ನೆರವು ಬೇಕು. ಇನ್ನು ಮಾನಸಿಕ ತೊಂದರೆಗಳಲ್ಲಿ ಮೂರನೆಯ ಒಂದು ಭಾಗ ಹದಿನಾಲ್ಕನೆಯ ವಯಸ್ಸಿನೊಳಗೇ, ಅರ್ಧದಷ್ಟು ಹದಿನೆಂಟರೊಳಗೇ ಶುರುವಾಗುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹದಿನಾಲ್ಕು ಎಂದರೆ ಒಂಬತ್ತನೆಯ ತರಗತಿ. ಮಗು ಇನ್ನೂ ಊರಿನಲ್ಲೇ, ತಂದೆತಾಯಿಯ ಬಳಿಯೇ, ದಿನವೂ ನಮ್ಮ ಕಣ್ಣೆದುರೇ ಇರುವ ವಯಸ್ಸು ಅದು.

ಕಣ್ಣೆದುರೇ ಇದ್ದರೂ ಕಾಣುವುದಿಲ್ಲವೇಕೆ ಎಂದರೆ, ಹದಿಹರೆಯದ ಖಿನ್ನತೆ ನಾವು ಊಹಿಸಿಕೊಂಡ ರೂಪದಲ್ಲಿ ಬರುವುದಿಲ್ಲ. ಮೂಲೆಯಲ್ಲಿ ಕುಳಿತು ಅಳುವ ಮಗುವನ್ನು ಯಾರಾದರೂ ಗಮನಿಸಿಯಾರು. ಆದರೆ ಹಳ್ಳಿಯ ಮಕ್ಕಳಲ್ಲಿ ಅದು ಹೆಚ್ಚಾಗಿ ಹೊಟ್ಟೆನೋವು, ತಲೆಶೂಲೆ, ಸುಸ್ತು, ಊಟ ಸೇರದಿರುವುದು ಎಂಬ ರೂಪದಲ್ಲಿ ಬರುತ್ತದೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ಹಾಜರಿಯಲ್ಲಿ ಸೋಮವಾರಗಳು ಖಾಲಿ ಬೀಳತೊಡಗಿದ್ದವು. ಬಂದ ದಿನ ಎರಡನೆಯ ಪಿರಿಯಡ್ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡು ಬೆಂಚಿನ ಮೇಲೆ ಬಗ್ಗಿ ಕೂರುತ್ತಿದ್ದಳು, ಬಿಸಿಯೂಟದ ತಟ್ಟೆಯನ್ನು ಪಕ್ಕದವಳಿಗೆ ಸರಿಸುತ್ತಿದ್ದಳು. ತಾಯಿ ಶಾಲೆಗೆ ಬಂದು, ‘ಹೊಟ್ಟಿನೋವು ಅಂತಾಳ್ರಿ ಅಕ್ಕೋರ, ಸ್ಕ್ಯಾನ್ ಮಾಡಿಸೇವಿ, ಡಾಕ್ಟರು ಏನೂ ಇಲ್ಲ ಅಂತಾರ, ದೃಷ್ಟಿನೂ ತಗಿಸೇವಿ’ ಎಂದಳು. ಗ್ಯಾಸಿನ ಮಾತ್ರೆ, ತಾಯತ, ಮತ್ತೆ ಸ್ಕ್ಯಾನು ಎಂದು ಎರಡು ತಿಂಗಳು ಕಳೆದುಹೋಗಿದ್ದವು. ಮಧ್ಯಾಹ್ನದ ಬಿಡುವಿನಲ್ಲಿ ಒಬ್ಬಳನ್ನೇ ಕೂರಿಸಿಕೊಂಡು, ಹೊಟ್ಟೆಯ ವಿಚಾರ ಬಿಟ್ಟು, ರಾತ್ರಿ ನಿದ್ದೆ ಬರುತ್ತದೆಯೇ ಎಂದು ಕೇಳಿದಾಗ ವಿಷಯ ಹೊರಬಂತು. ಹತ್ತನೆಯ ತರಗತಿ ಮುಗಿಯುತ್ತಲೇ ಅಕ್ಕನ ಮದುವೆ ಗೊತ್ತಾಗಿತ್ತು. ಬಂದ ಬೀಗರು ‘ಸಣ್ಣಾಕಿಗೂ ನಮ್ಮಲ್ಲೇ ಒಂದು ವರ ಐತಿ’ ಎಂದು ಹೇಳಿ ಹೋಗಿದ್ದರು. ಅಂದಿನಿಂದ ಅವಳಿಗೆ ನಿದ್ದೆಯಿರಲಿಲ್ಲ. ಭಾನುವಾರ ನೆಂಟರು ಬಂದುಹೋಗುವ ದಿನವಾದ್ದರಿಂದ ಸೋಮವಾರ ಹೊಟ್ಟೆನೋವು.

ಆ ಹುಡುಗಿಗೆ ಮಾತ್ರೆಗಿಂತ ಮೊದಲು ಬೇಕಾಗಿದ್ದದ್ದು ಮದುವೆಯ ಮಾತು ನಿಲ್ಲುವುದು. 1098 ಮಕ್ಕಳ ಸಹಾಯವಾಣಿಗೆ ತಿಳಿಸಿ, ಮನೆಯವರೊಂದಿಗೆ ಕುಳಿತು ಮಾತಾಡಿ, ಅದು ನಿಂತ ಮೇಲೂ ಅವಳ ನಿದ್ದೆ ಸರಿಹೋಗಲು ಚಿಕಿತ್ಸೆ ಬೇಕಾಯಿತು. ಈ ಪ್ರಸಂಗವನ್ನು ವಿವರವಾಗಿ ಹೇಳಲು ಕಾರಣವಿದೆ. ಮಾನಸಿಕ ಆರೋಗ್ಯ ಎಂದೊಡನೆ ‘ಮನಸ್ಸು ಗಟ್ಟಿ ಮಾಡಿಕೋ, ಧ್ಯಾನ ಮಾಡು’ ಎಂದು ಮಗುವಿಗೇ ಬುದ್ಧಿ ಹೇಳುವ ಉಪನ್ಯಾಸಗಳು ಈಚೆಗೆ ಶಾಲೆಗಳಲ್ಲಿ ಹೆಚ್ಚಾಗಿವೆ. ಮಗುವಿನ ಭಯಕ್ಕೆ ಮನೆಯಲ್ಲಿ ನಿಜವಾದ ಕಾರಣವೊಂದು ಕುಳಿತಿರುವಾಗ ಧ್ಯಾನದಿಂದ ಆಗುವುದೇನೂ ಇಲ್ಲ. ಬಾಲ್ಯವಿವಾಹ, ತಂದೆಯ ಕುಡಿತ, ಸಾಲಗಾರರ ಕಾಟ, ಮೈಮುಟ್ಟುವ ನೆಂಟ, ಜಾತಿ ಹಿಡಿದು ಆಡಿಸುವ ಸಹಪಾಠಿಗಳು, ಇವೆಲ್ಲ ಮಾನಸಿಕ ಆರೋಗ್ಯದ ವಿಷಯಗಳೇ.

ಗಂಡುಮಕ್ಕಳ ಸಂಗತಿ ಇನ್ನೂ ಕಷ್ಟದ್ದು. ಅವರಲ್ಲಿ ಖಿನ್ನತೆ ಸಿಡುಕಾಗಿ, ಜಗಳವಾಗಿ, ತರಗತಿ ತಪ್ಪಿಸುವುದಾಗಿ, ಗುಟ್ಕಾ ಚೀಟಿಯಾಗಿ ಹೊರಬರುತ್ತದೆ. ಅಂಥವನಿಗೆ ಪುಂಡ ಎಂಬ ಬಿರುದು ಸಿಗುತ್ತದೆ, ಪೋಷಕರ ಸಭೆಯಲ್ಲಿ ಎಲ್ಲರೆದುರು ಬೈಗುಳ ಸಿಗುತ್ತದೆ, ಕೊನೆಗೆ ಟಿಸಿ ಸಿಗುತ್ತದೆ. ಎರಡು ವಾರಕ್ಕೂ ಹೆಚ್ಚು ಕಾಲ ಮಗುವಿನ ಸ್ವಭಾವ ಮೊದಲಿನಂತಿಲ್ಲದೆ, ನಿದ್ದೆ, ಊಟ, ಆಟ, ಗೆಳೆತನ ಇವುಗಳಲ್ಲಿ ಒಂದಕ್ಕಿಂತ ಹೆಚ್ಚು ಕೆಟ್ಟಿದ್ದರೆ ಅದನ್ನು ಶಿಸ್ತಿನ ಪ್ರಶ್ನೆಯಾಗಿ ನೋಡುವ ಮೊದಲು ಆರೋಗ್ಯದ ಪ್ರಶ್ನೆಯಾಗಿ ನೋಡಬೇಕು ಎಂಬ ಒಂದೇ ಮಾತನ್ನು ಎಲ್ಲ ಶಿಕ್ಷಕರಿಗೆ ಮನದಟ್ಟು ಮಾಡಿಸಿದರೂ ಎಷ್ಟೋ ಹುಡುಗರು ಶಾಲೆಯಲ್ಲಿ ಉಳಿದಾರು.

ಈ ವಯಸ್ಸಿನ ಇನ್ನೊಂದು ಏಟಿನ ಬಗ್ಗೆ ನಮ್ಮಲ್ಲಿ ಮಾತೇ ಆಗುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಓದಿ 625ಕ್ಕೆ 590 ತೆಗೆದುಕೊಂಡ ಮಗು, ಊರಿನವರೆಲ್ಲ ಹಾರ ಹಾಕಿ ಕಳಿಸಿದ ಮಗು, ಜಿಲ್ಲಾ ಕೇಂದ್ರದ ಅಥವಾ ಇನ್ನೂ ದೂರದ ಊರಿನ ಪಿಯು ಕಾಲೇಜಿನಲ್ಲಿ ವಿಜ್ಞಾನಕ್ಕೆ ಸೇರುತ್ತದೆ. ‘ಜಡತ್ವ’, ‘ವೇಗೋತ್ಕರ್ಷ’ ಎಂದು ಚೆನ್ನಾಗಿ ಅರ್ಥಮಾಡಿಕೊಂಡಿದ್ದ ಭೌತಶಾಸ್ತ್ರ ಒಂದೇ ಬೇಸಿಗೆಯಲ್ಲಿ ಇಂಗ್ಲಿಷಾಗಿ, ಪಕ್ಕದ ಬೆಂಚಿನವರು ಎಂಟನೆಯ ತರಗತಿಯಿಂದಲೇ ಕೋಚಿಂಗ್ ಪಡೆದು ಬಂದವರಾಗಿರುತ್ತಾರೆ. ಮೊದಲ ಕಿರುಪರೀಕ್ಷೆಯಲ್ಲಿ ಆ ಮಗುವಿಗೆ ಬರುವಷ್ಟು ಕಡಿಮೆ ಅಂಕ ಜೀವನದಲ್ಲಿ ಹಿಂದೆಂದೂ ಬಂದಿರುವುದಿಲ್ಲ. ಹಾಸ್ಟೆಲಿನಲ್ಲಿ ಮಾತಾಡಿಸುವವರಿಲ್ಲ. ಮನೆಗೆ ಫೋನ್ ಮಾಡಿದರೆ ಅಪ್ಪ ಸಾಲ ಮಾಡಿ ಕಟ್ಟಿದ ಫೀಸಿನ ನೆನಪಾಗಿ ‘ಆರಾಮ ಅದೇನಿ’ ಎನ್ನಬೇಕಾಗುತ್ತದೆ. ದಸರಾ ರಜೆಗೆ ಊರಿಗೆ ಬಂದಾಗ ಹಳೆಯ ಶಾಲೆಯ ಕಡೆ ತಲೆಹಾಕದ ಮಕ್ಕಳಲ್ಲಿ ಮೊದಲು ವರ್ಷ ವರ್ಷವೂ ಬರುತ್ತಿದ್ದ ಬುದ್ಧಿವಂತರೇ ಹೆಚ್ಚು ಎಂಬುದನ್ನು ಹಳ್ಳಿಯ ಶಿಕ್ಷಕರೆಲ್ಲ ಗಮನಿಸಿರುತ್ತಾರೆ.

ಅಂಕದ ಆಧಾರದ ಮೇಲೆ ಮಕ್ಕಳನ್ನು ಬೇರೆ ಬೇರೆ ಬ್ಯಾಚುಗಳಾಗಿ ವಿಂಗಡಿಸಬಾರದು, ಎಲ್ಲರೆದುರು ಅವಮಾನಿಸಬಾರದು ಎಂದು ಸುಪ್ರೀಂ ಕೋರ್ಟ್ ಅದೇ ತೀರ್ಪಿನಲ್ಲಿ ಹೇಳಿದೆ. ಹಾಗಿದ್ದೂ ಕೋಚಿಂಗ್ ಜೊತೆಗೂಡಿಸಿದ ಪಿಯು ಕಾಲೇಜುಗಳಲ್ಲಿ ವಾರದ ಪರೀಕ್ಷೆಯ ರ‍್ಯಾಂಕ್ ಪಟ್ಟಿ ಸೂಚನಾ ಫಲಕದಿಂದ ಇಳಿದು ಪೋಷಕರ ವಾಟ್ಸ್‌ಆ್ಯಪ್ ಗುಂಪಿಗೆ ಹತ್ತಿದೆಯೇ ಹೊರತು ನಿಂತಿಲ್ಲ. 2024ರಿಂದ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ಬರೆಯುವ ಅವಕಾಶ ಬಂದದ್ದು ನಿಜಕ್ಕೂ ಒಳ್ಳೆಯ ಬದಲಾವಣೆ, ಅದನ್ನು ಟೀಕಿಸಿದವರಲ್ಲಿ ನಾನಿಲ್ಲ. ಆದರೆ ಮತ್ತೆ ಬರೆಯಬಹುದು ಎಂಬುದು ಮಗುವಿಗೆ ನೆಮ್ಮದಿ ಕೊಡಬೇಕಾದರೆ, ಮೊದಲನೆಯದರಲ್ಲಿ ಅಂಕ ಕಡಿಮೆಯಾದದ್ದು ಮನೆತನದ ಮರ್ಯಾದೆಯ ಪ್ರಶ್ನೆ ಎಂದು ಮನೆಯವರು ಅಂದುಕೊಳ್ಳುವುದು ನಿಲ್ಲಬೇಕು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ವರದಿಯಂತೆ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳು 13,044.

ಮೊಬೈಲಿನ ಬಗ್ಗೆ ಎಲ್ಲರೂ ಬರೆಯುತ್ತಿರುವುದರಿಂದ ನಾನು ಹೆಚ್ಚು ಹೇಳುವುದಿಲ್ಲ. ಅದರ ಚಟ ನಿಜವಾದ ಸಮಸ್ಯೆಯೇ, ನಿಮ್ಹಾನ್ಸ್ 2014ರಲ್ಲೇ ಅದಕ್ಕಾಗಿ ಶಟ್ ಕ್ಲಿನಿಕ್ ತೆರೆದಿದೆ. ಆದರೆ ನಿದ್ದೆ ಬಾರದ ಮಗು ರಾತ್ರಿ ಫೋನ್ ಹಿಡಿಯುವುದೂ ಉಂಟು, ಆಗ ಫೋನ್ ಕಸಿದುಕೊಂಡರೆ ನಿದ್ದೆಯೇನೂ ಬರುವುದಿಲ್ಲ. ಹದಿಹರೆಯದಲ್ಲಿ ದೇಹದ ನಿದ್ದೆಯ ಗಡಿಯಾರವೇ ಒಂದೆರಡು ತಾಸು ತಡವಾಗುತ್ತದೆ, ಈ ವಯಸ್ಸಿಗೆ ಎಂಟರಿಂದ ಹತ್ತು ತಾಸಿನ ನಿದ್ದೆ ಬೇಕು ಎಂದು ವೈದ್ಯರು ಹೇಳುತ್ತಾರೆ. ಬೆಳಗಿನ ಐದೂವರೆಯ ಟ್ಯೂಷನ್, ಏಳರ ವಿಶೇಷ ತರಗತಿ ಇಟ್ಟುಕೊಂಡು ನಾವು ಬರೀ ಮೊಬೈಲನ್ನು ಬೈಯುತ್ತಿದ್ದೇವೆ.

ಇನ್ನು ಸೌಲಭ್ಯಗಳ ವಿಚಾರ. ನಮ್ಮ ರಾಜ್ಯದಲ್ಲಿ ಏನೂ ಇಲ್ಲ ಎಂದು ದೂರುವುದು ಸರಿಯಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇಡೀ ದೇಶದಲ್ಲಿ ಮಾದರಿಯಾದದ್ದೇ 1980ರ ದಶಕದಲ್ಲಿ ಬಳ್ಳಾರಿಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗ. ಇಂದು ಜಿಲ್ಲಾ ಮಟ್ಟದಲ್ಲಿ ಆ ತಂಡಗಳಿವೆ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುವ ವ್ಯವಸ್ಥೆಯಿದೆ. 2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದ ಭಾಗವಾಗಿ 10ರಿಂದ 19 ವರ್ಷದವರಿಗೆಂದೇ ಸ್ನೇಹ ಕ್ಲಿನಿಕ್‌ಗಳಿವೆ. ವರ್ಷಕ್ಕೊಮ್ಮೆ ಶಾಲೆಗೆ ಬಂದು ಎತ್ತರ, ತೂಕ, ಕಣ್ಣು, ಹಲ್ಲು ನೋಡಿ ಹೋಗುವ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ವೈದ್ಯರ ತಂಡವಿದೆ. ಆಯುಷ್ಮಾನ್ ಭಾರತ್‌ನ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಪ್ರತಿ ಶಾಲೆಯ ಇಬ್ಬರು ಶಿಕ್ಷಕರಿಗೆ ತರಬೇತಿ ಕೊಡಬೇಕೆಂದಿದೆ, ಅದರ ಹನ್ನೊಂದು ವಿಷಯಗಳಲ್ಲಿ ಮಾನಸಿಕ ಆರೋಗ್ಯವೂ ಒಂದು. 2022ರ ಅಕ್ಟೋಬರ್ 10ರಿಂದ 14416 ಎಂಬ ಟೆಲಿ ಮಾನಸ್ ಉಚಿತ ಸಹಾಯವಾಣಿ ಹಗಲೂ ರಾತ್ರಿ ಕನ್ನಡದಲ್ಲೇ ದೊರೆಯುತ್ತದೆ.

ಇಷ್ಟೆಲ್ಲ ಇದ್ದೂ ಮಗು ಅಲ್ಲಿಗೆ ತಲುಪುವುದಿಲ್ಲ. ಶಾಲೆ ನಡೆಯುವ ಹೊತ್ತೂ ಕ್ಲಿನಿಕ್ ತೆರೆದಿರುವ ಹೊತ್ತೂ ಒಂದೇ. ಮಧ್ಯಾಹ್ನ ಬಿಟ್ಟು ಹೋಗಬೇಕೆಂದರೆ ತಾಲ್ಲೂಕು ಕೇಂದ್ರಕ್ಕೆ ಬಸ್ಸು ಬೆಳಿಗ್ಗೆ ಒಂದು, ಸಂಜೆ ಒಂದು. ಜೊತೆಗೆ ಹೋಗುವ ತಾಯಿಗೆ ಅಂದಿನ ಕೂಲಿ ಹೋಗುತ್ತದೆ. ನಾನು ಮಗುವೊಂದನ್ನು ಕರೆದುಕೊಂಡು ಹೋದ ಕ್ಲಿನಿಕ್ ಹೊರರೋಗಿ ವಿಭಾಗದ ಸರತಿ ಸಾಲಿನ ಎದುರಿಗೇ ಇತ್ತು, ಬಾಗಿಲ ಮೇಲೆ ದೊಡ್ಡ ಫಲಕ, ಬೆಂಚಿನ ಮೇಲೆ ನಮ್ಮೂರಿನವರೇ ಇಬ್ಬರು. ‘ಯಾಕ್ರೀ ಅಕ್ಕೋರ, ಹುಡುಗಿಗೆ ಏನಾಗೇತಿ?’ ಎಂಬ ಪ್ರಶ್ನೆಗೆ ನಾನು ಕಣ್ಣಿನ ನೆಪ ಹೇಳಿದೆ. ಒಳಗಿದ್ದ ಆಪ್ತಸಮಾಲೋಚಕಿ ತುಂಬ ತಾಳ್ಮೆಯವರು, ಆದರೆ ಇಡೀ ತಾಲ್ಲೂಕಿಗೆ ಅವರೊಬ್ಬರೇ. ನಮ್ಮ ಕಡೆ ಮನೋವೈದ್ಯರ ಹೆಸರೆತ್ತಿದರೆ ‘ಧಾರವಾಡಕ್ಕ ಒಯ್ಯೂ ಹಂಗ ಆಗೇತೇನು?’ ಎಂದು ಕೇಳುವವರು ಇಂದಿಗೂ ಇದ್ದಾರೆ. ಅಲ್ಲಿನ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ನಲ್ಲಿ ಎಷ್ಟೋ ಮಂದಿ ಗುಣವಾಗಿ ಬಂದು ಬಾಳುವೆ ಮಾಡುತ್ತಿರುವುದನ್ನು ಕಂಡರೂ ಆ ಹೆದರಿಕೆ ಹೋಗಿಲ್ಲ.

ಆದ್ದರಿಂದ ಚಿಕ್ಕ ಶಾಲೆಗಳ ಮಟ್ಟಿಗೆ ಮಗುವನ್ನು ಕ್ಲಿನಿಕ್ಕಿಗೆ ಕಳಿಸುವ ಬದಲು ಆಪ್ತಸಮಾಲೋಚಕರೇ ಶಾಲೆಗೆ ಬರುವಂತಾಗಬೇಕು. ಹೋಬಳಿಗೊಬ್ಬರಂತೆ ಅರ್ಹ ಆಪ್ತಸಮಾಲೋಚಕರನ್ನು ನೇಮಿಸಿ, ಆ ಹೋಬಳಿಯ ನೂರಕ್ಕಿಂತ ಕಡಿಮೆ ಮಕ್ಕಳಿರುವ ಪ್ರೌಢಶಾಲೆಗಳನ್ನೂ ಹಾಸ್ಟೆಲುಗಳನ್ನೂ ಅವರಿಗೆ ಹಂಚಬೇಕು. ಹದಿನೈದು ದಿನಕ್ಕೊಮ್ಮೆ, ಗೊತ್ತಾದ ದಿನದಂದು, ಆಟದ ಪಿರಿಯಡ್ಡಿನ ಹೊತ್ತಿಗೆ ಅವರು ಶಾಲೆಯಲ್ಲಿರಬೇಕು. ತೊಂದರೆಯಲ್ಲಿರುವ ಮಕ್ಕಳನ್ನಷ್ಟೇ ಕರೆದರೆ ಆ ಕೋಣೆಗೆ ಹೋದವರಿಗೆಲ್ಲ ಹಣೆಪಟ್ಟಿ ಬೀಳುತ್ತದೆ. ಅದಕ್ಕೆ ಬದಲಾಗಿ ಎಂಟನೆಯ ತರಗತಿಗೆ ಬಂದ ಪ್ರತಿ ಮಗುವನ್ನೂ ಸರದಿಯಂತೆ ಒಮ್ಮೆ ಮಾತಾಡಿಸಿದರೆ, ಹೋಗುವುದು ಎಲ್ಲರಿಗೂ ಮಾಮೂಲಿಯಾಗುತ್ತದೆ. ವೈದ್ಯರ ಅಗತ್ಯವಿದ್ದ ಮಗುವನ್ನು ಮಂಗಳವಾರದ ಮನೋವೈದ್ಯರ ಬಳಿಗೆ ಕಳಿಸಿ, ತಾಯಿಯ ಅಂದಿನ ಕೂಲಿಯನ್ನಾದರೂ ಭರಿಸುವ ಬಾಬತ್ತು ಶಾಲಾ ಅನುದಾನದಲ್ಲಿರಬೇಕು. ಹದಿನೆಂಟು ತುಂಬದವರ ಚಿಕಿತ್ಸೆಗೆ ಪೋಷಕರ ಒಪ್ಪಿಗೆ ಬೇಕಾಗುವುದರಿಂದ ಪೋಷಕರನ್ನು ಒಲಿಸುವ ಕೆಲಸವೂ ಆಪ್ತಸಮಾಲೋಚಕರ ಕರ್ತವ್ಯದಲ್ಲೇ ಸೇರಬೇಕು.

ಶಿಕ್ಷಕರೇ ಈ ಕೆಲಸ ಮಾಡಬಾರದೇ ಎಂದು ಇಲಾಖೆ ಕೇಳಬಹುದು. ಬಿಸಿಯೂಟದ ಲೆಕ್ಕ, ಚುನಾವಣೆ, ಗಣತಿ, ಎಸ್‌ಎಟಿಎಸ್ ಎಂಬ ವಿದ್ಯಾರ್ಥಿಗಳ ಆನ್‌ಲೈನ್ ದಾಖಲೆಯಲ್ಲಿ ತುಂಬಬೇಕಾದ ಮಾಹಿತಿ ಇವೆಲ್ಲದರ ನಡುವೆ ಎರಡು ದಿನದ ತರಬೇತಿ ಕೊಟ್ಟು ಸಮಾಲೋಚಕರಾಗಿ ಎಂದರೆ ಅದು ಶಿಕ್ಷಕರಿಗೂ ಮಕ್ಕಳಿಗೂ ಮಾಡುವ ಅನ್ಯಾಯ. ಅಂಕ ಕೊಡುವವರಿಗೇ ಮಗು ತನ್ನ ಮನೆಯ ಗುಟ್ಟು ಹೇಳುವುದೂ ಸುಲಭವಲ್ಲ, ಹೇಳಿದ್ದು ಸ್ಟಾಫ್ ರೂಮಿನ ಚಹಾದ ಹೊತ್ತಿನ ಮಾತಾಗುವ ಅಪಾಯವನ್ನೂ ನಾನು ಬಲ್ಲೆ. ಗಮನಿಸುವುದು ಶಿಕ್ಷಕರ ಕೆಲಸ, ಅದಕ್ಕೆ ಹಾಜರಿ ಪುಸ್ತಕಕ್ಕಿಂತ ಒಳ್ಳೆಯ ಸಾಧನವಿಲ್ಲ. ವಾರದ ಅದೇ ದಿನ ಮತ್ತೆ ಮತ್ತೆ ಗೈರಾಗುವ, ಊಟದ ನಂತರ ಮನೆಗೆ ಹೋಗಿಬಿಡುವ, ಸದಾ ಮುಂದಿನ ಬೆಂಚಿನಲ್ಲಿದ್ದು ಹಿಂದಕ್ಕೆ ಸರಿದ ಮಕ್ಕಳ ಹೆಸರನ್ನು ಸಮಾಲೋಚಕರಿಗೆ ತಿಳಿಸುವುದರಲ್ಲಿ ಶಿಕ್ಷಕರ ಹೊಣೆ ಮುಗಿಯಬೇಕು. ಆರ್‌ಬಿಎಸ್‌ಕೆ ತಂಡವೂ ಕಣ್ಣು, ಹಲ್ಲು ನೋಡುವಾಗಲೇ ನಿದ್ದೆ ಹೇಗಿದೆ, ಊಟ ಸೇರುತ್ತದೆಯೇ, ಮನೆಯಲ್ಲಿ ಯಾರ ಹತ್ತಿರ ಮಾತಾಡುತ್ತೀ ಎಂದು ಕೇಳಿ ಬರೆದುಕೊಳ್ಳಬಹುದು.

ಪೋಷಕರಿಗೆ ಎರಡು ಮಾತು. ‘ಸಾಯಬೇಕು ಅನಿಸುತ್ತದೆಯೇ’ ಎಂದು ನೇರವಾಗಿ, ಮೆತ್ತಗೆ ಕೇಳಿದರೆ ಮಗುವಿನ ತಲೆಯಲ್ಲಿ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಹಾಗೆ ಕೇಳಿದವರಿಗೇ ಮಕ್ಕಳು ಹೇಳಿಕೊಳ್ಳುತ್ತಾರೆ ಎಂಬುದು ಈ ಕ್ಷೇತ್ರದವರ ಅನುಭವ. ಹೊಲಕ್ಕೆ ತಂದ ಕೀಟನಾಶಕವನ್ನು ಕೊಟ್ಟಿಗೆಯ ಗೂಡಿನಲ್ಲಿ ಇಡದೆ ಬೀಗ ಹಾಕಿ ಇಡಿ, ಏಕೆಂದರೆ ಎಳೆಯರ ದುಡುಕು ಬಹಳ ಸಲ ಕೆಲವೇ ನಿಮಿಷಗಳದ್ದಾಗಿರುತ್ತದೆ. ಪ್ರಯತ್ನ ನಡೆದೇ ಹೋಗಿದ್ದರೆ ಪೊಲೀಸರಿಗೆ ಹೆದರಿ ಆಸ್ಪತ್ರೆ ತಪ್ಪಿಸಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೆಯ ಸೆಕ್ಷನ್ ಪ್ರಕಾರ ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷೆಗೆ ಗುರಿಪಡಿಸುವಂತಿಲ್ಲ, ಅವರ ಆರೈಕೆ ಸರ್ಕಾರದ ಹೊಣೆ.

ಪತ್ರಿಕೆಗಳಿಗೂ ಒಂದು ವಿನಂತಿ ಇದೆ, ತಾವು ಬೇಸರಿಸಬಾರದು. ಆತ್ಮಹತ್ಯೆಯ ವರದಿಗಳ ಬಗ್ಗೆ ಭಾರತೀಯ ಪತ್ರಿಕಾ ಮಂಡಳಿ 2019ರಲ್ಲಿ ಮಾರ್ಗಸೂಚಿ ಒಪ್ಪಿಕೊಂಡಿದೆ. ಆದರೂ ‘ಮೊಬೈಲ್ ಕೊಡಿಸದ್ದಕ್ಕೆ’, ‘ಅಂಕ ಕಡಿಮೆ ಬಂದದ್ದಕ್ಕೆ’ ಎಂದು ಒಂದೇ ಕಾರಣ ಅಂಟಿಸಿದ ತಲೆಬರಹಗಳು ಜಿಲ್ಲಾ ಪುಟಗಳಲ್ಲಿ ಬರುತ್ತಲೇ ಇವೆ. ಅದೇ ಸಂಕಟದಲ್ಲಿರುವ ಇನ್ನೊಂದು ಮಗು ಆ ಸಾಲನ್ನು ಓದುತ್ತದೆ. ಫಲಿತಾಂಶದ ಮರುದಿನ ಪುಟಗಟ್ಟಲೆ ರ‍್ಯಾಂಕ್ ಪಡೆದವರ ಚಿತ್ರಗಳ ಕೆಳಗೆ 14416 ಅನ್ನು ಸಣ್ಣ ಅಕ್ಷರದಲ್ಲಿ ಹಾಕುವ ಬದಲು, ಅದೇ ಪುಟದಲ್ಲಿ ಪರೀಕ್ಷೆ–2ರ ದಿನಾಂಕವನ್ನೂ ಆ ಸಂಖ್ಯೆಯನ್ನೂ ಚಿತ್ರಗಳಷ್ಟೇ ದೊಡ್ಡದಾಗಿ ಹಾಕಿದರೆ ಹಳ್ಳಿಯ ಮನೆಗಳಲ್ಲಿ ಅದು ಉಪಯೋಗಕ್ಕೆ ಬರುತ್ತದೆ.

ಸುಪ್ರೀಂ ಕೋರ್ಟಿನ ತೀರ್ಪಿನಂತೆ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಗಳ ನೇತೃತ್ವದಲ್ಲಿ ಮೇಲ್ವಿಚಾರಣಾ ಸಮಿತಿ ಇರಬೇಕು. ಕೋಚಿಂಗ್ ಕೇಂದ್ರಗಳ ತಪಾಸಣೆಯೊಂದನ್ನೇ ಆ ಸಮಿತಿ ತನ್ನ ಕೆಲಸವೆಂದುಕೊಳ್ಳದೆ, ಜಿಲ್ಲೆಯಲ್ಲಿ ನೂರಕ್ಕಿಂತ ಕಡಿಮೆ ಮಕ್ಕಳಿರುವ ಪ್ರೌಢಶಾಲೆಗಳು ಎಷ್ಟು, ಪ್ರತಿಯೊಂದಕ್ಕೂ ಗೊತ್ತುಮಾಡಿದ ಆಪ್ತಸಮಾಲೋಚಕರು ಯಾರು, ಅವರು ಬರುವ ದಿನ ಯಾವುದು ಎಂಬ ಪಟ್ಟಿಯನ್ನು ಮುಂದಿನ ಶೈಕ್ಷಣಿಕ ವರ್ಷ ಆರಂಭವಾಗುವ ಮೊದಲು ಸಿದ್ಧಪಡಿಸಿ ಎಲ್ಲ ಶಾಲಾಭಿವೃದ್ಧಿ ಸಮಿತಿಗಳಿಗೆ (ಎಸ್‌ಡಿಎಂಸಿ) ಕಳಿಸಬೇಕು. ವರ್ಷದ ಕೊನೆಗೆ ಆ ಪಟ್ಟಿಯಂತೆ ಎಷ್ಟು ಭೇಟಿಗಳು ನಡೆದವು, ಎಷ್ಟು ತಪ್ಪಿದವು ಎಂಬುದನ್ನು ಜಿಲ್ಲಾ ಪಂಚಾಯಿತಿ ಸಭೆಯ ಮುಂದಿಡಬೇಕೆಂದು ತಮ್ಮ ಪತ್ರಿಕೆಯ ಮೂಲಕ ಜಿಲ್ಲಾಡಳಿತವನ್ನೂ ಶಿಕ್ಷಣ ಮತ್ತು ಆರೋಗ್ಯ ಇಲಾಖೆಗಳನ್ನೂ ಕೋರುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಮುಖ್ಯ ಶಿಕ್ಷಕಿ,
ಹಾವೇರಿ ಜಿಲ್ಲೆ